ಬಂದೂಕಿನ ಬಣ್ಣಕ್ಕೆ ದುಡ್ಡು ಕೊಡುವ ಮೊದಲು

(ಬದಿಯಡ್ಕದ ಹತ್ತಿರದ ವಾಚನಾಲಯವೊಂದರಲ್ಲಿ ಹುಡುಗರು, ಹೆತ್ತವರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೊಬೈಲಿನಲ್ಲಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ), ಫ್ರೀ ಫೈರ್ ಮ್ಯಾಕ್ಸ್, ಕಾಲ್ ಆಫ್ ಡ್ಯೂಟಿ ಮೊಬೈಲ್. ಕಂಪ್ಯೂಟರಿನಲ್ಲಿ ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2. ಇವೆಲ್ಲ ಪುಕ್ಕಟೆ ಸಿಗುವ ಗುಂಡು ಹಾರಿಸುವ ಆಟಗಳು. ಇಳಿಸಿಕೊಳ್ಳುವುದಕ್ಕೂ ಆಡುವುದಕ್ಕೂ ದುಡ್ಡು ಬೇಡ. ಒಳಗಿರುವ ಅಂಗಡಿಯಲ್ಲಿ ಮಾತ್ರ ಬಂದೂಕಿಗೆ ಬಣ್ಣ, ಮೈಗೆ ಉಡುಪು, ಬೆನ್ನಿಗೆ ಚೀಲ, ಗಾಡಿಗೆ ಚಿತ್ತಾರ ಮಾರಾಟಕ್ಕಿವೆ. ಹುಡುಗರು ಇದಕ್ಕೆಲ್ಲ ಸೇರಿಸಿ ಸ್ಕಿನ್ ಅನ್ನುತ್ತಾರೆ. ಕೊಟ್ಟ ದುಡ್ಡಿಗೆ ಅದು ತಕ್ಕುದೇ ಎಂಬುದು ಇವತ್ತಿನ ಪ್ರಶ್ನೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಸ್ಕಿನ್ ಕೊಳ್ಳುವುದು ತಪ್ಪಲ್ಲ. ಪುಕ್ಕಟೆ ಆಡುವ ಲಕ್ಷಾಂತರ ಜನರ ಸರ್ವರ್ ಖರ್ಚು ಬರುವುದೇ ಆ ಮಾರಾಟದಿಂದ. ಆದರೆ ಪೂರ್ತಿ ಬೆಲೆ ಎಷ್ಟು ಎಂಬುದು ಗುಂಡಿ ಒತ್ತುವ ಮೊದಲೇ ಗೊತ್ತಾಗುವ ವಸ್ತುವನ್ನು ಮಾತ್ರ ಕೊಳ್ಳಬೇಕು. ಬೆಲೆ ಗೊತ್ತಾಗದ ಹಾಗೆ ಮಾರುವುದಕ್ಕೆ ಈ ಅಂಗಡಿಗಳಲ್ಲಿ ಹಲವು ದಾರಿಗಳಿವೆ. ಇವತ್ತಿನ ಹೊತ್ತೆಲ್ಲ ಹೆಚ್ಚಾಗಿ ಅವುಗಳಿಗೇ.

ಮೊದಲು, ಸ್ಕಿನ್ ಹಾಕಿದರೆ ಆಟ ಚೆನ್ನಾಗಿ ಬರುತ್ತದೆಯೇ? ಬಹುತೇಕ ಆಟಗಳಲ್ಲಿ ಇಲ್ಲ. ವ್ಯಾಲರಂಟ್‌ನಲ್ಲಿ, ಕೌಂಟರ್ ಸ್ಟ್ರೈಕ್‌ನಲ್ಲಿ, ಬಿಜಿಎಂಐನಲ್ಲಿ ಬಂದೂಕಿನ ಪೆಟ್ಟು, ಗುಂಡಿನ ಹರಡುವಿಕೆ, ಮತ್ತೆ ಗುಂಡು ತುಂಬುವ ವೇಗ ಎಲ್ಲವೂ ಸ್ಕಿನ್ ಇದ್ದರೂ ಇಲ್ಲದಿದ್ದರೂ ಒಂದೇ. ಫ್ರೀ ಫೈರ್ ಮಾತ್ರ ಬೇರೆ. ಅಲ್ಲಿ ಬಂದೂಕಿನ ಸ್ಕಿನ್‌ಗಳಿಗೇ ಗುಣಗಳಿವೆ. ಒಂದು ಸ್ಕಿನ್ ಪೆಟ್ಟು ಹೆಚ್ಚಿಸಿ ಗುಂಡಿನ ಸಂಖ್ಯೆ ತಗ್ಗಿಸುತ್ತದೆ, ಇನ್ನೊಂದು ದೂರ ಹೆಚ್ಚಿಸಿ ಗುಂಡು ತುಂಬುವುದನ್ನು ನಿಧಾನ ಮಾಡುತ್ತದೆ. ಸ್ಕಿನ್‌ನ ಚಿತ್ರದ ಪಕ್ಕದಲ್ಲೇ ಏರಿಕೆ ಇಳಿಕೆ ಗುರುತುಗಳಿರುತ್ತವೆ, ನೋಡಿಕೊಳ್ಳಿ. ಫ್ರೀ ಫೈರ್ ಆಡುವವನು "ಸುಮ್ಮನೆ ಚಂದಕ್ಕೆ" ಅಂದರೆ ಅದು ಪೂರ್ತಿ ನಿಜವಲ್ಲ. ಬರೀ ಚಂದಕ್ಕೆ ಕೊಟ್ಟದ್ದು ಬಿಟ್ಟರೆ ಬಿಡಬಹುದು. ಗೆಲ್ಲುವುದಕ್ಕೆ ಕೊಟ್ಟ ದುಡ್ಡು ಮುಂದಿನ ಸ್ಕಿನ್ ಬಂದಾಗ ಮತ್ತೆ ಕೇಳುತ್ತದೆ. ಅದಕ್ಕೇ ಈ ಆಟದಲ್ಲಿ ಇನ್ನಷ್ಟು ಬಿಗಿ ಇರಬೇಕು ಎಂಬುದು ನಮ್ಮ ಮಾತು.

ಎರಡನೆಯದು, ಕೊಂಡದ್ದು ನಿಮ್ಮ ಕಣ್ಣಿಗೆ ಎಷ್ಟು ಕಾಣುತ್ತದೆ? ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ವ್ಯಾಲರಂಟ್‌ನಲ್ಲಿ ಪರದೆಯ ಮೇಲೆ ಕೈ ಮತ್ತು ಬಂದೂಕು ಮಾತ್ರ ಕಾಣುವುದು. ವ್ಯಾಂಡಲ್ ಅಥವಾ ಫ್ಯಾಂಟಮ್ ಎಂಬ ಬಂದೂಕು ಬಹುಪಾಲು ಸುತ್ತುಗಳಲ್ಲಿ ಕೈಯಲ್ಲಿರುತ್ತದೆ. ಅದಕ್ಕೆ ಕೊಟ್ಟ ದುಡ್ಡು ದಿನವೂ ಕಣ್ಣೆದುರು ಇರುತ್ತದೆ. ಬಿಜಿಎಂಐನಲ್ಲಿ ಬಂದೂಕು ನೆಲದಲ್ಲಿ ಬಿದ್ದದ್ದು ಸಿಕ್ಕಿದರೆ ಉಂಟು. ಎಂ416 ಎಂಬ ಬಂದೂಕಿನ ಸ್ಕಿನ್ ಇದ್ದವನಿಗೆ ಆ ಪಂದ್ಯದಲ್ಲಿ ಎಂ416 ಸಿಗದಿದ್ದರೆ ಸ್ಕಿನ್ ಇದ್ದೂ ಇಲ್ಲದ ಹಾಗೆ. ವಿಮಾನದಿಂದ ಬೀಳುವ ಏರ್‌ಡ್ರಾಪ್ ಪೆಟ್ಟಿಗೆಯಲ್ಲಿ ಮಾತ್ರ ಬರುವ ಎಡಬ್ಲ್ಯೂಎಂ ಬಂದೂಕಿಗೆ ಬಣ್ಣ ಕೊಂಡರೆ ವಾರಕ್ಕೊಮ್ಮೆ ಕಂಡರೆ ಹೆಚ್ಚು. ಇನ್ನು ಫೋನಿನ ವಿಷಯ. ಕಡಿಮೆ ರ‍್ಯಾಮ್ ಇರುವ ಫೋನಿನಲ್ಲಿ ಆಟ ತಡೆಯದೆ ಓಡಬೇಕಾದರೆ ಗ್ರಾಫಿಕ್ಸನ್ನು ಸ್ಮೂತ್‌ಗೆ ಇಡಲೇಬೇಕು; ಆಗ ಉಡುಪಿನ ಹೊಳಪು, ಬಂದೂಕಿನ ಸೂಕ್ಷ್ಮ ಕೆತ್ತನೆ ಮಾಸಿಹೋಗುತ್ತವೆ. ಅಂಗಡಿಯಲ್ಲಿ ತಿರುಗಿಸಿ ತೋರಿಸಿದ ಚಿತ್ರ ಬೇರೆ, ನಿಮ್ಮ ಫೋನಿನಲ್ಲಿ ಓಡುವಾಗ ಕಾಣುವುದು ಬೇರೆ. ಕೊಳ್ಳುವ ಮೊದಲು ಅದೇ ಸ್ಕಿನ್ ಇರುವ ಗೆಳೆಯನನ್ನು ಸ್ಕ್ವಾಡ್‌ಗೆ ಕರೆದು ನಿಮ್ಮದೇ ಪರದೆಯಲ್ಲಿ ಒಂದು ಪಂದ್ಯ ನೋಡಿ.

ಬೆಲೆ ಮರೆಯಾಗುವ ಬಗೆ

ಈಗ ಬೆಲೆ. ಇವುಗಳಲ್ಲಿ ಹೆಚ್ಚಿನ ಆಟಗಳು ಸ್ಕಿನ್‌ನ ಬೆಲೆಯನ್ನು ರೂಪಾಯಿಯಲ್ಲಿ ಬರೆಯಲು ಇಷ್ಟಪಡುವುದಿಲ್ಲ. ಬಿಜಿಎಂಐನಲ್ಲಿ ಯುಸಿ, ಫ್ರೀ ಫೈರ್‌ನಲ್ಲಿ ಡೈಮಂಡ್, ಕಾಲ್ ಆಫ್ ಡ್ಯೂಟಿಯಲ್ಲಿ ಸಿಪಿ, ವ್ಯಾಲರಂಟ್‌ನಲ್ಲಿ ವಿಪಿ. ಮೊದಲು ರೂಪಾಯಿ ಕೊಟ್ಟು ಇವನ್ನು ಕೊಳ್ಳಬೇಕು, ಆಮೇಲೆ ಇವನ್ನು ಕೊಟ್ಟು ಸ್ಕಿನ್. ನಡುವೆ ಏನಾಗುತ್ತದೆ ಎಂಬುದನ್ನು ವ್ಯಾಲರಂಟ್‌ನ ಲೆಕ್ಕದಲ್ಲೇ ನೋಡೋಣ.

ಅಲ್ಲಿ ಬಂದೂಕಿನ ಸ್ಕಿನ್‌ಗಳಿಗೆ ದರ್ಜೆಗಳಿವೆ. ಸೆಲೆಕ್ಟ್‌ಗೆ 875 ವಿಪಿ, ಡಿಲಕ್ಸ್‌ಗೆ 1275, ಪ್ರೀಮಿಯಂಗೆ 1775. ವಿಪಿ ಮಾರುವ ಕಟ್ಟುಗಳು 475, 1000, 2050, 3650, 5350, 11000. ಎರಡು ಪಟ್ಟಿಯನ್ನೂ ಅಕ್ಕಪಕ್ಕ ಇಡಿ. 1775ರ ಬಂದೂಕಿಗೆ ಸರಿಯಾಗಿ ಹೊಂದುವ ಕಟ್ಟು ಒಂದೂ ಇಲ್ಲ. 2050ರ ಕಟ್ಟು ಕೊಂಡರೆ 275 ಉಳಿಯುತ್ತದೆ. 1000ಕ್ಕೆ ಎರಡು 475 ಸೇರಿಸಿದರೆ 1950; ಉಳಿಯುವುದು 175. ಎರಡರಲ್ಲಿ ಯಾವುದು ಉಳಿದರೂ ಅದಕ್ಕೆ ಬಂದೂಕಿನ ಸ್ಕಿನ್ ಬರುವುದಿಲ್ಲ. ಖಾತೆಯಲ್ಲಿ ಬಿದ್ದಿರುವ ಆ 275, "ಇನ್ನು 1500 ಹಾಕಿದರೆ ಇನ್ನೊಂದು ಬರುತ್ತದೆ" ಎಂದು ಕರೆಯುತ್ತಲೇ ಇರುತ್ತದೆ. ಆದ್ದರಿಂದ ಸ್ಕಿನ್‌ನ ನಿಜವಾದ ಬೆಲೆ 1775 ವಿಪಿ ಅಲ್ಲ, ಅದಕ್ಕಾಗಿ ಕೊಂಡ ಕಟ್ಟಿನ ಪೂರ್ತಿ ರೂಪಾಯಿ. ಕಾಗದದ ಮೇಲೆ ಆ ರೂಪಾಯಿಯನ್ನೇ ಬರೆಯಿರಿ.

ಅಲ್ಲಿಗೂ ಮುಗಿಯಲಿಲ್ಲ. ಅಂಗಡಿಯ ವೀಡಿಯೊದಲ್ಲಿ ಬಂದೂಕು ಬೆಂಕಿ ಉಗುಳುತ್ತದೆ, ಸದ್ದು ಬೇರೆ ಮಾಡುತ್ತದೆ, ಕೊನೆಯ ಎದುರಾಳಿ ಬಿದ್ದಾಗ ದೊಡ್ಡ ದೃಶ್ಯ ಮೂಡುತ್ತದೆ. 1775 ಕೊಟ್ಟಾಗ ಸಿಗುವುದು ಮೊದಲ ಹಂತ ಮಾತ್ರ. ಉಳಿದ ಹಂತಗಳಿಗೆ ರೇಡಿಯನೈಟ್ ಎಂಬ ಬೇರೆ ನಾಣ್ಯ ಬೇಕು. ಸಾಮಾನ್ಯವಾಗಿ ಹಂತಕ್ಕೆ 10, ಬೇರೆ ಬಣ್ಣಕ್ಕೆ 15. ಅದು ಬ್ಯಾಟಲ್ ಪಾಸ್‌ನಲ್ಲಿ (ಆಡಿ ಹಂತ ಹತ್ತಿದಂತೆ ಬಹುಮಾನ ಕೊಡುವ ಚೀಟಿ) ಸ್ವಲ್ಪ ಸಿಗುತ್ತದೆ, ಇಲ್ಲವಾದರೆ ಮತ್ತೆ ದುಡ್ಡು. ಬಿಜಿಎಂಐನ ಏರಿಸಬಹುದಾದ ಬಂದೂಕುಗಳದ್ದೂ ಇದೇ ಕತೆ: ಹೆಸರಾದ ಸ್ಕಿನ್‌ನ ಮೊದಲ ಹಂತ ಸಿಕ್ಕಿದ ಮೇಲೆ, ಸತ್ತ ಎದುರಾಳಿ ಬಿಟ್ಟುಹೋಗುವ ಪೆಟ್ಟಿಗೆಗೆ ಎಲ್ಲರೂ ಮೆಚ್ಚುವ ಅಲಂಕಾರ ಬರುವುದಕ್ಕೆ ಮತ್ತಷ್ಟು ಮೆಟ್ಟಿಲು ಹತ್ತಬೇಕು. ಮೊದಲ ಹಂತವೇ ನಿಮಗೆ ಚಂದ ಕಾಣುತ್ತದೆಯೇ ಅಂತ ಕೇಳಿಕೊಳ್ಳಿ. ಇಲ್ಲವಾದರೆ ಕೊನೆಯ ಹಂತದವರೆಗಿನ ಮೊತ್ತವನ್ನೇ ಬೆಲೆ ಅಂತ ಹಿಡಿಯಿರಿ.

ದೊಡ್ಡ ಕಟ್ಟಿನಲ್ಲಿ ಒಂದೊಂದು ನಾಣ್ಯ ಅಗ್ಗ ಬೀಳುತ್ತದೆ, ಅದು ನಿಜ. ಬಿಜಿಎಂಐನಲ್ಲಿ 60 ಯುಸಿಯ ಕಟ್ಟಿಗೆ ಏನೂ ಹೆಚ್ಚುವರಿ ಇಲ್ಲ, 300ಕ್ಕೆ 25 ಸೇರಿ 325, 600ಕ್ಕೆ 60, 6000ಕ್ಕೆ 2100 ಸೇರಿ 8100. ಆದರೆ ಬೇಕಾದದ್ದು 300 ಆಗಿದ್ದಾಗ 8100 ಕೊಂಡು ಉಳಿಸಿದ್ದೇನೆ ಅನ್ನುವವನು 7800 ಯುಸಿಯನ್ನು ಎಲ್ಲಿ ಹಾಕುತ್ತಾನೆ? ಬಹುಮಟ್ಟಿಗೆ ಸ್ಪಿನ್‌ಗೆ.

ಸ್ಪಿನ್, ಕ್ರೇಟ್, ಕೇಸ್

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ದುಡ್ಡು ಕೊಟ್ಟು ಚಕ್ರ ತಿರುಗಿಸುವುದು ಇಲ್ಲವೇ ಪೆಟ್ಟಿಗೆ ತೆರೆಯುವುದು, ಏನು ಬರುತ್ತದೆ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು. ಮನೆಗಳಲ್ಲಿ ಜಗಳ ತಂದಿಡುವುದು ನೇರ ಖರೀದಿಗಿಂತ ಹೆಚ್ಚಾಗಿ ಇದು.

ಕೌಂಟರ್ ಸ್ಟ್ರೈಕ್‌ನಲ್ಲಿ 2013ರಿಂದ ಕೇಸ್‌ಗಳಿವೆ. ಕೇಸ್ ಆಟದಲ್ಲೇ ಬೀಳುತ್ತದೆ, ತೆರೆಯುವ ಕೀಲಿಗೆ 2.49 ಡಾಲರ್. ಚೀನಾದಲ್ಲಿ ಆಟ ನಡೆಸುವ ಕಂಪನಿ ಅಲ್ಲಿನ ಕಾನೂನಿನ ಪ್ರಕಾರ ಯಾವ ವಸ್ತು ಬರುವ ಸಾಧ್ಯತೆ ಎಷ್ಟು ಎಂಬ ಪ್ರಮಾಣಗಳನ್ನು 2017ರಲ್ಲಿ ಪ್ರಕಟಿಸಿತು. ಅದರಂತೆ ಅತಿ ಕೆಳದರ್ಜೆಯ ನೀಲಿ ವಸ್ತು ಬರುವ ಸಾಧ್ಯತೆ ಸುಮಾರು ಶೇ. 80. ಎಲ್ಲರೂ ಆಸೆಪಡುವ ಚಾಕು ಬರುವುದು ಶೇ. 0.26. ಅಂದರೆ ಸರಾಸರಿ 385 ಕೇಸಿಗೆ ಒಂದು. 385 ಕೀಲಿಗೆ 958 ಡಾಲರ್ ಹತ್ತಿರ.

ಸರಾಸರಿ ಎಂಬ ಮಾತನ್ನು ಜನ ತಪ್ಪು ತಿಳಿಯುತ್ತಾರೆ. 385 ತೆರೆದರೆ ಒಂದು ಬಂದೇ ಬರುತ್ತದೆ ಎಂದಲ್ಲ. ಪ್ರತಿ ಸಲವೂ ಬಾರದಿರುವ ಸಾಧ್ಯತೆ 0.9974, ಅದನ್ನು 385 ಸಲ ಗುಣಿಸಿ. ಸುಮಾರು 0.37 ಬರುತ್ತದೆ. ಅಷ್ಟು ದುಡ್ಡು ಸುರಿದ ನೂರು ಜನರಲ್ಲಿ 37 ಮಂದಿಗೆ ಚಾಕು ಸಿಕ್ಕಿರುವುದಿಲ್ಲ. ಸಾವಿರ ಕೇಸ್ ತೆರೆದವರಲ್ಲೂ ನೂರಕ್ಕೆ ಏಳು ಮಂದಿ ಬರಿಗೈ. ಹಿಂದಿನ ಸೋಲು ಮುಂದಿನ ಸುತ್ತಿಗೆ ಯಾವ ಸಹಾಯವನ್ನೂ ಮಾಡುವುದಿಲ್ಲ. "ಇಷ್ಟು ಸಲ ಬರಲಿಲ್ಲ, ಇನ್ನು ಬರಲೇಬೇಕು" ಎಂಬ ಮಾತು ಹುಡುಗನ ಬಾಯಿಂದ ಕೇಳಿದರೆ, ಹೆತ್ತವರೇ, ಬೈಯುವ ಬದಲು ಈ ಗುಣಾಕಾರವನ್ನು ಅವನ ಕೈಯಲ್ಲೇ ಮಾಡಿಸಿ. ಅದೇ ಫೋನಿನ ಕ್ಯಾಲ್ಕ್ಯುಲೇಟರ್ ಸಾಕು.

ಕೆಲವು ಆಟಗಳಲ್ಲಿ ಕೊನೆಗೊಂದು ಖಾತರಿ ಇರುತ್ತದೆ. ಏಪೆಕ್ಸ್ ಲೆಜೆಂಡ್ಸ್ ಎಂಬ ಗುಂಡಿನ ಆಟದಲ್ಲಿ 500 ಪ್ಯಾಕ್‌ಗಳೊಳಗೆ ಏರ್‌ಲೂಮ್ ಎಂಬ ಅತಿ ಅಪರೂಪದ ವಸ್ತು ಸಿಗಲೇಬೇಕು, ಒಂದು ಪ್ಯಾಕ್‌ಗೆ 100 ನಾಣ್ಯ. ಪುಕ್ಕಟೆ ಸಿಕ್ಕ ಪ್ಯಾಕ್‌ಗಳೂ ಲೆಕ್ಕಕ್ಕೆ ಬರುತ್ತವೆ, ಆದರೆ ದುಡ್ಡಿನಿಂದಲೇ ಹೋದರೆ 50,000 ನಾಣ್ಯದವರೆಗೆ ಹೋಗಬಹುದು. ಕಾಲ್ ಆಫ್ ಡ್ಯೂಟಿ ಮೊಬೈಲ್‌ನ ಲಕ್ಕಿ ಡ್ರಾ ಇನ್ನೊಂದು ಬಗೆ. ಹತ್ತು ವಸ್ತುಗಳು, ಬಂದದ್ದು ಮತ್ತೆ ಬರುವುದಿಲ್ಲ, ಆದರೆ ಪ್ರತಿ ಸುತ್ತಿಗೂ ಬೆಲೆ ಏರುತ್ತದೆ. ಮೊದಲ ಸುತ್ತು ಚಹಾದ ದುಡ್ಡಿನಷ್ಟು ಅನ್ನಿಸಿದರೂ ಕೊನೆಯ ಎರಡು ಮೂರು ಸುತ್ತುಗಳೇ ಒಟ್ಟು ಮೊತ್ತದ ದೊಡ್ಡ ಪಾಲು ತಿನ್ನುತ್ತವೆ, ಬೇಕಾದ ಬಂದೂಕು ಹೆಚ್ಚಾಗಿ ಬರುವುದೂ ಅಲ್ಲೇ. ಇಂಥದ್ದನ್ನು ಆಡಲೇಬೇಕು ಅನ್ನಿಸಿದರೆ ಹತ್ತೂ ಸುತ್ತಿನ ಮೊತ್ತ ಕೂಡಿಸಿ, ಅದನ್ನೇ ಬಂದೂಕಿನ ಬೆಲೆ ಎಂದು ಹಿಡಿದು, ಆ ಬೆಲೆಗೆ ಕೊಳ್ಳುತ್ತಿದ್ದೆನೇ ಎಂದು ಕೇಳಿಕೊಳ್ಳಬೇಕು. ಉತ್ತರ ಇಲ್ಲ ಎಂದಾದರೆ ಮೊದಲ ಸುತ್ತೂ ಬೇಡ. ನಡುವೆ ನಿಲ್ಲಿಸುತ್ತೇನೆ ಎಂಬುದು ನಡೆಯುವ ಮಾತಲ್ಲ.

ಸಂಭವದ ಪ್ರಮಾಣವನ್ನು ಕೊಳ್ಳುವ ಮೊದಲೇ ತೋರಿಸಬೇಕು ಎಂದು ಆಪಲ್ 2017ರ ಡಿಸೆಂಬರಿನಿಂದ, ಗೂಗಲ್ ಪ್ಲೇ 2019ರಿಂದ ನಿಯಮ ಮಾಡಿವೆ. ಸ್ಪಿನ್ ಪರದೆಯ ಮೂಲೆಯಲ್ಲಿ ಪ್ರಶ್ನೆ ಚಿಹ್ನೆಯೋ ಸಣ್ಣ ಐ ಅಕ್ಷರವೋ ಇರುತ್ತದೆ, ಒತ್ತಿ. ನಿಮಗೆ ಬೇಕಾದ ವಸ್ತುವಿನ ಎದುರಿನ ಸಂಖ್ಯೆಯಿಂದ 100ನ್ನು ಭಾಗಿಸಿದರೆ ಸರಾಸರಿ ಎಷ್ಟು ಸುತ್ತು ಎಂದು ಸಿಗುತ್ತದೆ. ಬೆಲ್ಜಿಯಂ 2018ರಲ್ಲೇ ದುಡ್ಡು ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಜೂಜಿನ ಕಾನೂನಿನ ಅಡಿ ತಂದಿತು. ಆ ನಿಲುವು ಸರಿ ಎಂದೇ ನಾವು ನಂಬುತ್ತೇವೆ.

ಪಾಸ್ ಬೇರೆ. ರಾಯಲ್ ಪಾಸ್, ಬ್ಯಾಟಲ್ ಪಾಸ್ ಎಂಬವು ಈ ಅಂಗಡಿಗಳಲ್ಲೇ ನಿಯತ್ತಿನ ವ್ಯಾಪಾರ. ಏನೇನು ಸಿಗುತ್ತದೆ ಎಂಬುದು ಮೊದಲೇ ಕಾಣುತ್ತದೆ, ಬೆಲೆ ಒಂದೇ, ಕೆಲವುದರಲ್ಲಿ ಕೊಟ್ಟ ನಾಣ್ಯದ ಭಾಗ ತಿರುಗಿ ಬರುತ್ತದೆ. ಅದರ ತೊಂದರೆ ಸಮಯದ್ದು. ಅವಧಿ ಮುಗಿಯುವುದರೊಳಗೆ ಹಂತ ಹತ್ತದಿದ್ದರೆ ಬಹುಮಾನ ಹೋಯಿತು. ಮಾರ್ಚಿನಲ್ಲಿ ಎಸ್ಸೆಸೆಲ್ಸಿ ಪರೀಕ್ಷೆ, ಜೂನ್ ಜುಲೈಯಲ್ಲಿ ಗಾಳಿಮಳೆಗೆ ಗಂಟೆಗಟ್ಟಲೆ ಕರೆಂಟಿಲ್ಲ. ಈ ಎರಡು ಕಾಲದಲ್ಲಿ ಪಾಸ್ ಕೊಂಡವನು ಒಂದೋ ಓದು ಬಿಡುತ್ತಾನೆ, ಇಲ್ಲ ಕೊನೆಗೆ ಹಂತಗಳನ್ನೇ ದುಡ್ಡು ಕೊಟ್ಟು ಕೊಳ್ಳುತ್ತಾನೆ. ಇದಕ್ಕೊಂದು ಸುಲಭದ ಉಪಾಯವಿದೆ: ಪಾಸನ್ನು ಮೊದಲ ದಿನ ಕೊಳ್ಳಬೇಡಿ. ಪುಕ್ಕಟೆ ಸಾಲಿನಲ್ಲೇ ಆಡುತ್ತಾ ಹೋಗಿ, ಕೊನೆಯ ವಾರದಲ್ಲಿ ಎಷ್ಟು ಹಂತ ಆಗಿದೆ ನೋಡಿ. ಆಗ ಕೊಂಡರೂ ಅಲ್ಲಿಯವರೆಗೆ ಹತ್ತಿದ ಹಂತಗಳ ಬಹುಮಾನವೆಲ್ಲ ಒಟ್ಟಿಗೆ ಸಿಗುತ್ತದೆ. ಬಿಜಿಎಂಐ, ವ್ಯಾಲರಂಟ್, ಕಾಲ್ ಆಫ್ ಡ್ಯೂಟಿ ಮೊಬೈಲ್ ಮೂರರಲ್ಲೂ ಹೀಗೆಯೇ. ಹಂತ ಆಗದಿದ್ದರೆ ದುಡ್ಡು ನಿಮ್ಮಲ್ಲೇ ಉಳಿಯಿತು.

ಕೊಂಡದ್ದು ಯಾರದ್ದು?

ನಮ್ಮ ಊರಿನ ಹವ್ಯಾಸಿ ಸಂಘದವರು ಯಕ್ಷಗಾನಕ್ಕೆ ವೇಷಭೂಷಣ ಬಾಡಿಗೆಗೆ ತರುತ್ತಾರೆ. ಆ ರಾತ್ರಿಗೆ ಕಿರೀಟ ತಲೆಯ ಮೇಲೆ ಹೊಳೆಯುತ್ತದೆ, ಕೊಟ್ಟ ಬಾಡಿಗೆ ವ್ಯರ್ಥ ಅಂತ ಯಾರೂ ಹೇಳುವುದಿಲ್ಲ, ಬೆಳಿಗ್ಗೆ ಅದನ್ನು ತನ್ನದು ಅಂತಲೂ ಹೇಳುವುದಿಲ್ಲ. ಸ್ಕಿನ್‌ಗೆ ಕೊಡುವ ದುಡ್ಡನ್ನು ಹಾಗೆಯೇ ಕಾಣಬೇಕು. ನೀವು ಒಪ್ಪಿಗೆ ಒತ್ತಿದ ಕರಾರಿನಲ್ಲಿ ಇರುವುದು ಬಳಸುವ ಅನುಮತಿ ಮಾತ್ರ.

ಬಾಡಿಗೆ ಎಷ್ಟು ದಿನದ್ದು ಎಂಬುದೂ ನಿಮ್ಮ ಕೈಯಲ್ಲಿಲ್ಲ. ಏಪೆಕ್ಸ್ ಲೆಜೆಂಡ್ಸ್ ಮೊಬೈಲ್ 2022ರ ಮೇ 17ರಂದು ಬಂತು, 2023ರ ಮೇ 1ರಂದು ಮುಚ್ಚಿತು. ಒಂದು ವರ್ಷವೂ ಆಗಲಿಲ್ಲ. ಅದರಲ್ಲಿ ಕೊಂಡ ಉಡುಪುಗಳು ಕಂಪ್ಯೂಟರಿನ ಏಪೆಕ್ಸ್‌ಗೂ ಬರಲಿಲ್ಲ. ಸರಕಾರದ ಕಡೆಯಿಂದಲೂ ಆಗುತ್ತದೆ. ಪಬ್ಜಿ ಮೊಬೈಲನ್ನು 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿದರು. ಅದರ ಬದಲಿಗೆ 2021ರ ಜುಲೈಯಲ್ಲಿ ಬಂದ ಬಿಜಿಎಂಐಯನ್ನು 2022ರ ಜುಲೈ 28ರಂದು ಸ್ಟೋರ್‌ಗಳಿಂದ ತೆಗೆದರು, 2023ರ ಮೇ ಕೊನೆಗೆ ಅದು ಮರಳಿತು. ಫ್ರೀ ಫೈರ್ 2022ರ ಫೆಬ್ರವರಿಯಲ್ಲಿ ಹೋಯಿತು. ಅದೇ ಖಾತೆ ಫ್ರೀ ಫೈರ್ ಮ್ಯಾಕ್ಸ್‌ನಲ್ಲಿ ತೆರೆಯುತ್ತಿದ್ದುದರಿಂದ ಆಡುವವರ ವಸ್ತುಗಳು ಉಳಿದವು.

ಕೌಂಟರ್ ಸ್ಟ್ರೈಕ್‌ನಲ್ಲಿ ಮಾತ್ರ ಮಾರುವ ದಾರಿ ಇದೆ, ಅದಕ್ಕೇ "ಹೂಡಿಕೆ" ಎಂಬ ಮಾತು ಹುಟ್ಟಿದೆ. ಆ ಆಟ ಸಿಗುವ ಸ್ಟೀಮ್ ಎಂಬ ಅಂಗಡಿಯ ಮಾರುಕಟ್ಟೆಯಲ್ಲಿ ಕೊಳ್ಳುವವನು 115 ರೂಪಾಯಿ ಕೊಟ್ಟರೆ ಮಾರಿದವನಿಗೆ ಬರುವುದು 100, ಅದೂ ಸ್ಟೀಮ್ ವ್ಯಾಲೆಟ್‌ಗೆ. ಅಲ್ಲಿಂದ ಬ್ಯಾಂಕಿಗೆ ತರಲಾಗದು. ಬೆಲೆಯನ್ನು ಕಂಪನಿಯ ಒಂದು ಅಪ್‌ಡೇಟ್ ಅಲುಗಾಡಿಸಬಲ್ಲದು. 2025ರ ಅಕ್ಟೋಬರಿನಲ್ಲಿ ಐದು ಕೆಂಪು ದರ್ಜೆಯ ವಸ್ತು ಕೊಟ್ಟು ಚಾಕು ಪಡೆಯುವ ದಾರಿ ತೆರೆದ ಕೂಡಲೇ ಚಾಕುಗಳ ಬೆಲೆ ಕುಸಿಯಿತು. ಅಡಿಕೆ ಧಾರಣೆ ಬಿದ್ದರೂ ಅಡಿಕೆ ಕೈಯಲ್ಲಿರುತ್ತದೆ. ಸ್ಕಿನ್ ಪಣವಿಡುವ ಹೊರಗಿನ ಸೈಟ್‌ಗಳ ಹತ್ತಿರ ಹೋಗಲೇಬೇಡಿ.

ಕೊಡುವ ದಾರಿ

ಕೊಳ್ಳುವುದು ಎಂದು ತೀರ್ಮಾನವಾದರೆ, ಮೊದಲು ಖಾತೆ ಭದ್ರ ಮಾಡಿ. ಫ್ರೀ ಫೈರ್‌ನಲ್ಲಿ ಗೆಸ್ಟ್ ಆಗಿ ಆಡುತ್ತಿದ್ದರೆ ಆ ಖಾತೆ ಆ ಫೋನಿನಲ್ಲೇ ಇರುವುದು. ಫೋನ್ ಕೆಟ್ಟರೆ, ರೀಸೆಟ್ ಮಾಡಿದರೆ ಡೈಮಂಡ್ ಸಮೇತ ಹೋಗುತ್ತದೆ. ಗೂಗಲ್ ಖಾತೆಗೆ ಜೋಡಿಸಿ, ಎರಡು ಹಂತದ ಪರಿಶೀಲನೆ ಇಟ್ಟು, ಆಮೇಲೆ ಟಾಪ್ ಅಪ್.

ಹೆತ್ತವರ ಫೋನಾದರೆ ಪ್ಲೇ ಸ್ಟೋರ್‌ನಲ್ಲಿ ಬಲಮೇಲಿನ ಚಿತ್ರ ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ಖರೀದಿ ದೃಢೀಕರಣಕ್ಕೆ ಹೋಗಿ ಪ್ರತಿ ಸಲವೂ ಕೇಳುವಂತೆ ಇಡಿ. ಇಲ್ಲಿ ಹಲವರು ಮರೆಯುವುದು ಬೆರಳಚ್ಚು. ಫೋನ್ ತೆರೆಯಲಿಕ್ಕೆಂದು ಮಗನ ಬೆರಳನ್ನೂ ಸೇರಿಸಿದ್ದರೆ ಅದೇ ಬೆರಳು ಖರೀದಿಗೂ ಒಪ್ಪಿಗೆ ಕೊಡುತ್ತದೆ. ಅವನ ಬೆರಳನ್ನು ತೆಗೆಯಿರಿ, ಇಲ್ಲವೇ ಖರೀದಿಗೆ ಪಾಸ್‌ವರ್ಡ್ ಇಡಿ. ಪ್ಲೇ ಸ್ಟೋರ್‌ನಲ್ಲಿ ತಿಂಗಳ ಬಜೆಟ್ ಇಡುವ ಜಾಗವೂ ಉಂಟು, ಆದರೆ ಅದು ಎಚ್ಚರಿಸುತ್ತದೆ ಅಷ್ಟೆ, ತಡೆಯುವುದಿಲ್ಲ. ಬಿಜಿಎಂಐ ಬಂದಾಗ ಹದಿನೆಂಟರ ಕೆಳಗಿನವರಿಗೆ ದಿನಕ್ಕೆ 7,000 ರೂಪಾಯಿ ಮಿತಿ ಇಟ್ಟಿತ್ತು. ಯಾವ ಮನೆಗೆ ಅದು ಮಿತಿ? ನಿಮ್ಮ ಮಿತಿಯನ್ನು ನೀವೇ ಇಡಬೇಕು.

ಅದಕ್ಕೆ ಎಲ್ಲಕ್ಕಿಂತ ಒಳ್ಳೆಯದು ಗೂಗಲ್ ಪ್ಲೇ ಗಿಫ್ಟ್ ಕೋಡ್. ಬ್ಯಾಂಕ್ ಖಾತೆಯನ್ನಾಗಲಿ ಕಾರ್ಡನ್ನಾಗಲಿ ಆ ಫೋನಿಗೆ ಜೋಡಿಸದೆ, ನಿಗದಿಯಾದ ಮೊತ್ತದ ಕೋಡ್ ಕೊಟ್ಟರೆ ಅದು ಮುಗಿದಲ್ಲಿಗೆ ಮುಗಿಯಿತು. ತಪ್ಪಿ ಕೊಂಡಿದ್ದರೆ 48 ಗಂಟೆಯೊಳಗೆ ಪ್ಲೇ ಸ್ಟೋರ್‌ನಲ್ಲಿ ಮರುಪಾವತಿ ಕೇಳಬಹುದು. ಆದರೆ ನಾಣ್ಯ ಖರ್ಚಾದ ಮೇಲೆ ದುಡ್ಡು ತಿರುಗಿ ಪಡೆದರೆ ಆಟದವರು ಖಾತೆ ತಡೆಯಬಹುದು. ಇಂಥ ತಪ್ಪು ಒತ್ತುವಿಕೆ ಮಕ್ಕಳ ಅಜಾಗ್ರತೆ ಮಾತ್ರವಲ್ಲ. ಫೋರ್ಟ್‌ನೈಟ್ ಎಂಬ ಆಟದ ಕಂಪನಿ ಗುಂಡಿಗಳನ್ನು ಗೊಂದಲವಾಗುವಂತೆ ಇಟ್ಟು ಬೇಡದ ಖರೀದಿ ಮಾಡಿಸಿತು ಎಂಬ ಆರೋಪದ ಮೇಲೆ 2022ರ ಡಿಸೆಂಬರಿನಲ್ಲಿ ಅಮೆರಿಕದ ವ್ಯಾಪಾರ ಆಯೋಗದ ಜೊತೆ ರಾಜಿಯಾಗಿ 24.5 ಕೋಟಿ ಡಾಲರ್ ತಿರುಗಿ ಕೊಡಲು ಒಪ್ಪಿತು.

ವಾಟ್ಸಾಪ್, ಟೆಲಿಗ್ರಾಂನಲ್ಲಿ ಅರ್ಧ ಬೆಲೆಗೆ ಯುಸಿ ಕೊಡುತ್ತೇವೆ ಅನ್ನುವವರಲ್ಲಿ ಕೆಲವರು ದುಡ್ಡು ತಕ್ಕೊಂಡು ಮಾಯವಾಗುತ್ತಾರೆ. ಇನ್ನು ಕೆಲವರು ನಿಜವಾಗಿಯೂ ಹಾಕುತ್ತಾರೆ, ಕದ್ದ ಕಾರ್ಡಿನಿಂದ. ಕಾರ್ಡಿನ ಯಜಮಾನ ದೂರು ಕೊಟ್ಟಾಗ ದುಡ್ಡು ಹಿಂದೆ ಹೋಗುತ್ತದೆ, ಶಿಕ್ಷೆ ನಿಮ್ಮ ಖಾತೆಗೆ. ಬೇರೆಯವರ ಆಟದ ಖಾತೆ, ಅಂದರೆ ಐಡಿ, ಕೊಳ್ಳುವುದೂ ಬೇಡ; ಹಳೆಯ ಯಜಮಾನ ತನ್ನ ಇಮೇಲ್‌ನಿಂದ ಅದನ್ನು ವಾಪಸ್ ಎಳೆದುಕೊಳ್ಳಬಲ್ಲ. ದುಡ್ಡು ಹೋಗಿದ್ದರೆ ನಾಚಿಕೊಂಡು ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ದುಡ್ಡನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಒಂದು ನಮ್ಮ ಜಿಲ್ಲೆಗೇ ಹೊಂದುವಂಥದ್ದು: ದುಬೈಯಲ್ಲಿರುವ ಮಾವ ಗಿಫ್ಟ್ ಕಾರ್ಡ್ ಕಳಿಸಿದರೆ ಆಗುತ್ತದೆಯೇ? ಆಗುವುದಿಲ್ಲ. ಗೂಗಲ್ ಪ್ಲೇ ಕಾರ್ಡು ಯಾವ ದೇಶದ್ದೋ ಖಾತೆಯೂ ಅದೇ ದೇಶದ್ದಾಗಿರಬೇಕು. ಎಮಿರೇಟ್ಸ್‌ನ ಕಾರ್ಡು ಇಲ್ಲಿನ ಖಾತೆಗೆ ಹತ್ತುವುದಿಲ್ಲ, ಒಮ್ಮೆ ಕೊಂಡ ಕಾರ್ಡನ್ನು ಮರಳಿಸುವುದೂ ಕಷ್ಟ. ಮಾವನಿಗೆ ಕೊಡಲೇಬೇಕೆಂದಿದ್ದರೆ ಆ ಮೊತ್ತವನ್ನು ಮನೆಗೆ ಕಳಿಸಲಿ, ಇಲ್ಲಿಂದ ಇಲ್ಲಿನ ಕೋಡ್ ತೆಗೆಯಿರಿ. ನೀವೇ ಮುಂದೆ ಗಲ್ಫಿಗೆ ಹೋಗುವವರಾದರೆ ಇನ್ನೊಂದು ಲೆಕ್ಕ ಉಂಟು. ಬಿಜಿಎಂಐ ಭಾರತಕ್ಕೆಂದೇ ಬಿಡುಗಡೆಯಾದದ್ದು, ಅಲ್ಲಿಯವರು ಆಡುವುದು ಪಬ್ಜಿ ಮೊಬೈಲ್. ಇಲ್ಲಿ ಕೊಂಡದ್ದು ಆ ಆಟದೊಳಗೆ ಬರುವುದಿಲ್ಲ. ವೀಸಾ ಕೈಗೆ ಬರುವ ಹೊತ್ತಿನಲ್ಲಿ ಹೊಸ ಬಂದೂಕಿಗೆ ದುಡ್ಡು ಹಾಕುವುದು ಬೇಡ.